ದಿಮ್ಮಿ ಗೋಡೆಯ ಬಟ್ಟೆ ಬಿರಡೆ

ಜನವರಿ 12, ಸೋಮವಾರ

ಈ ಪುಸ್ತಕ ಕೊಟ್ಟವಳು ಮೊಮ್ಮಗಳು. ನರ್ಸಿಂಗ್ ಓದಲು ಹಾಸ್ಟೆಲಿಗೆ ಹೊರಟು ನಿಂತಾಗ ಬ್ಯಾಗಿನಿಂದ ತೆಗೆದು ನನ್ನ ತೊಡೆಯ ಮೇಲೆ ಹಾಕಿದಳು. "ಅಜ್ಜಿ, ಯಾರನ್ನ ಬೈಬೇಕು ಅನ್ಸಿದ್ರೂ ಇದ್ರಲ್ಲಿ ಬೈದ್ಬಿಡು. ನಾನು ಬರೋವರೆಗೆ ಮನೆ ಶಾಂತವಾಗಿರ್ಲಿ" ಎಂದಳು. ಹಳ್ಳಿ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕೂತವಳು ನಾನು. ಒತ್ತಕ್ಷರ ಅಲ್ಲಲ್ಲಿ ಜಾರಿದರೂ ಬೈಗುಳ ಜಾರುವುದಿಲ್ಲ.

ಮೊದಲ ಬೈಗುಳ ಹೊಸಬಳಿಗೆ. ನನ್ನ ಮಗಳು ತೀರಿಹೋದ ಮೇಲೆ ಅಳಿಯ ಬಹಳ ಕಾಲ ಒಂಟಿಯಾಗಿದ್ದ. ಹೋದ ವರ್ಷ ಇವಳನ್ನು ಕಟ್ಟಿಕೊಂಡ. ಅವನು ಮರಗೆಲಸದವನು, ಇವಳು ಮನೆಗಳಿಗೆ ವೈರು, ಪೈಪು ಎಳೆಯುವವಳು. ಪ್ಯಾಂಟಿನ ಜೇಬಿನಲ್ಲಿ ಕರವಸ್ತ್ರ ಇರಬೇಕಾದ ಜಾಗದಲ್ಲಿ ಇಕ್ಕಳ. ಬಂದ ದಿನವೇ "ಅಮ್ಮ, ಚಹಾ" ಎಂದು ಲೋಟ ಚಾಚಿದಳು. "ನಾನು ನಿನ್ನ ಅಮ್ಮ ಅಲ್ಲ" ಎಂದೆ. "ಸರಿ" ಎಂದಳು, ಅಷ್ಟೇ. ಅವತ್ತಿನಿಂದ ನಾನು "ಇವ್ರೇ" ಆದೆ. "ಇವ್ರೇ, ಚಹಾ." "ಇವ್ರೇ, ನಿಮ್ಮ ಕನ್ನಡಕ ಕಿಟಕಿ ಹತ್ರ ಇದೆ." ಬಸ್ಸಿನಲ್ಲಿ ಪಕ್ಕದ ಸೀಟಿನವರನ್ನು ಕರೆದ ಹಾಗೆ.

ನಾನೂ ನಿಶ್ಚಯ ಮಾಡಿದ್ದೇನೆ. ಅಳಿಯ ಈಗ ಕಟ್ಟಲು ಹೊರಟ ದಿಮ್ಮಿ ಮನೆ ಮುಗಿದು ಕೊಳ್ಳುವವರ ಕೈ ಸೇರಲಿ, ತಂಗಿಯ ಮನೆಗೆ ಹೋಗಿಬಿಡುತ್ತೇನೆ. ಪೆಟ್ಟಿಗೆ ತುಂಬಿ ಮಂಚದಡಿ ಇಟ್ಟಿದ್ದೇನೆ. ಅದರಲ್ಲಿ ನನ್ನ ಬಟ್ಟೆಗಿಂತ ಮಗಳ ಬಟ್ಟೆಯೇ ಹೆಚ್ಚು.

ಜನವರಿ 15

ದಿಮ್ಮಿ ಮನೆ ಎಂದರೆ ಇಟ್ಟಿಗೆಯಿಲ್ಲದ ಮನೆ. ಮರದ ದಿಮ್ಮಿಯ ಮೇಲೆ ದಿಮ್ಮಿ ಅಡ್ಡಡ್ಡ ಮಲಗಿಸಿ, ಮೂಲೆಯಲ್ಲಿ ಒಂದಕ್ಕೊಂದು ಕಚ್ಚಿಸಿ ಗೋಡೆ ಎಬ್ಬಿಸುವುದು. ಅಳಿಯ ಇಂಥದ್ದೊಂದನ್ನು ಹಿಂದೆಯೂ ಕಟ್ಟಿದ್ದಾನೆ. ಆಗ ಇವಳಿರಲಿಲ್ಲ. ಯಾರೋ ಬಂದು ವೈರು, ಪೈಪು ಎಲ್ಲ ಗೋಡೆಯ ಹೊರಮೈಗೇ ಮೊಳೆ ಹೊಡೆದು ಹೋದರು. ಜನ ಅದನ್ನು ಬಳ್ಳಿ ಮನೆ ಎಂದು ಕರೆದು ನಕ್ಕರು. ಆಮೇಲೆ ದಿಮ್ಮಿ ಮನೆ ಬೇಕೆಂದು ಒಬ್ಬರೂ ಬಾಗಿಲು ತಟ್ಟಲಿಲ್ಲ.

ಈಗ ಬಂದವರು ಬಸ್ ಓಡಿಸುವವನು, ಅವನ ಹೆಂಡತಿ ಹೊಲಿಗೆಯವಳು. ಹೊಲಿಗೆಯವಳದು ಒಂದೇ ಮಾತು: "ಗೋಡೆ ಮೇಲೆ ಒಂದು ವೈರು ಕಾಣಿಸಿದ್ರೂ ನಮ್ಗೆ ಬೇಡ." ಇದೂ ಕೈಬಿಟ್ಟು ಹೋದರೆ ಅಳಿಯ ತನ್ನ ಮರಗೆಲಸದ ಷೆಡ್ ಮುಚ್ಚಿ ಮತ್ತೆ ಕುರ್ಚಿ ಅಂಗಡಿಯಲ್ಲಿ ಕೆಲಸಕ್ಕೆ ನಿಲ್ಲಬೇಕು. ಇವಳು ಯಾವನೋ ಕಂಟ್ರಾಕ್ಟರನ ಹಿಂದೆ ಚೀಲ ಹೊತ್ತು ಹೋಗಬೇಕು.

ಊಟದ ಹೊತ್ತಿಗೆ ಅಳಿಯನನ್ನು ಕೇಳಿದೆ. "ಇಟ್ಟಿಗೆ ಗೋಡೆ ಆದ್ರೆ ಕೊರೆದು, ವೈರು ಇಟ್ಟು, ಗಾರೆ ಬಳೀಬಹುದು. ಇಡೀ ಮರದೊಳಗೆ ಇವಳು ಹೇಗೆ ವೈರು ತೂರಿಸ್ತಾಳೆ? ಇರುವೆಗೆ ಹೇಳಿ ಕಳಿಸ್ತಾಳಾ?"

ಅವನು ನಕ್ಕ. ಅವಳು ನಗಲಿಲ್ಲ. "ಬಂದು ನೋಡಿ, ಇವ್ರೇ" ಎಂದಳು.

ನನಗೇ ಸವಾಲು!

ಜನವರಿ 23, ಶುಕ್ರವಾರ

ಹೋಗಿ ನೋಡಿದೆ. ಕುರ್ಚಿ ಹಾಕಿಸಿಕೊಂಡು ಬೆಳಗಿನಿಂದ ಕೂತೆ.

ಗುಟ್ಟು ಇಷ್ಟೇ. ಗೋಡೆ ಎದ್ದ ಮೇಲೆ ಏನೂ ಮಾಡಲಾಗುವುದಿಲ್ಲ, ಆದ್ದರಿಂದ ಏಳುತ್ತಿರುವಾಗಲೇ ಮಾಡಬೇಕು. ಸ್ವಿಚ್ಚು ಎಲ್ಲಿ, ಪ್ಲಗ್ಗು ಎಲ್ಲಿ ಎಂದು ಗೋಡೆಯೇ ಇಲ್ಲದಾಗ ನಿರ್ಧಾರವಾಗಬೇಕು. ಹೊಲಿಗೆ ಮಿಷನ್ ಯಾವ ಕಿಟಕಿಯ ಪಕ್ಕ, ಮಂಚದ ತಲೆ ಯಾವ ಕಡೆ, ಎಲ್ಲವನ್ನೂ ಇವಳು ಆ ಗಂಡ ಹೆಂಡಿರ ಹತ್ತಿರ ಮೊದಲೇ ಕೇಳಿ ಬಂದಿದ್ದಾಳೆ. ಆಮೇಲೆ ಒಂದೊಂದು ದಿಮ್ಮಿ ಕೂತ ಹಾಗೆ, ಗುರುತಿನ ಜಾಗದಲ್ಲಿ ಮೇಲಿಂದ ಕೆಳಕ್ಕೆ ನೆಟ್ಟಗೆ ತೂತು. ಅದರ ಮೇಲೆ ಮತ್ತೊಂದು ದಿಮ್ಮಿ, ಅದೇ ನೇರಕ್ಕೆ ಮತ್ತೊಂದು ತೂತು. ತಳದಿಂದ ಎದೆಯೆತ್ತರದವರೆಗೆ ಮರದ ಹೊಟ್ಟೆಯಲ್ಲಿ ಒಂದು ಕೊಳವೆ ಆಗುತ್ತದೆ. ಗೋಡೆ ಮುಗಿದ ಮೇಲೆ ನೆಲದಡಿಯಿಂದ ವೈರನ್ನು ಅದರೊಳಗೆ ಹತ್ತಿಸುವುದು.

ಆದರೆ ಅಳಿಯನ ಉಳಿಯಿಂದ ಹಾರಿದ ಚಕ್ಕೆ, ಪುಡಿ ಎಲ್ಲ ತೆರೆದ ತೂತಿಗೇ ಬೀಳುತ್ತಿತ್ತು. ಅವಳು ಬಗ್ಗಿ ಬಗ್ಗಿ ಊದುತ್ತಿದ್ದಳು.

ನೋಡಿ ನೋಡಿ ತಡೆಯಲಾಗಲಿಲ್ಲ. "ಏ, ಬಾಟ್ಲಿಗೆ ಬಿರಡೆ ಹಾಕಲ್ವಾ ನೀನು? ಬಾಯಿ ತೆರೆದು ಬಿಟ್ಟು ಆಮೇಲೆ ಊದ್ತಾ ಕೂತ್ಕೋತೀಯಾ?"

"ಬಿರಡೆ ಮಾಡ್ಕೊಡೋರು ಯಾರು ಇವ್ರೇ?"

ಹಳೇ ಹೊದಿಕೆ ಹರಿದು ಸುರುಳಿ ಸುತ್ತಿದೆ. ಒಳಗೆ ಜಾರಿ ಹೋಗದ ಹಾಗೆ ತಲೆ ದಪ್ಪ ಬಿಟ್ಟು ಗಂಟು ಹಾಕಿದೆ. ತೂತಿಗೊಂದು ಬಿರಡೆ. ಕ್ರೇನು ಮುಂದಿನ ದಿಮ್ಮಿಯನ್ನು ಎತ್ತಿ ತಂದಾಗ ಅದನ್ನು ಕಿತ್ತು "ತೆಗೆದೆ!" ಎಂದು ನಾನು ಕೂಗಬೇಕು. ನಾನು ಕೂಗುವವರೆಗೆ ದಿಮ್ಮಿ ಗಾಳಿಯಲ್ಲೇ ನೇತಾಡುತ್ತಿರಬೇಕು. ಅಷ್ಟು ದೊಡ್ಡ ಯಂತ್ರ, ಅಷ್ಟು ದೊಡ್ಡ ಮರ, ನನ್ನ ಬಾಯಿಗಾಗಿ ಕಾಯುತ್ತವೆ! ಈ ಮನೆಯಲ್ಲಿ ಇಷ್ಟು ವರ್ಷ ಬಾಯಿ ಮಾಡಿದ್ದಕ್ಕೆ ಈಗ ಒಂದು ಬೆಲೆ ಬಂತು.

ಫೆಬ್ರವರಿ 3

ಗೋಡೆ ಸೊಂಟದೆತ್ತರ ಬಂದಿದೆ. ನನ್ನ ಬಿರಡೆಯಿಂದಾಗಿ ಒಂದು ತೂತಿನಲ್ಲೂ ಕಸವಿಲ್ಲ. ಕ್ರೇನಿನವನು ನನ್ನನ್ನು "ಮೇಸ್ತ್ರಿ ಅಜ್ಜಿ" ಎನ್ನುತ್ತಾನೆ. ಬೇಡ ಎಂದು ನಾನೇನೂ ಹೇಳಲಿಲ್ಲ.

ನೀರಿನ ಪೈಪು ಮಾತ್ರ ದಿಮ್ಮಿಯೊಳಗೆ ಹೋಗುವುದಿಲ್ಲವಂತೆ. ಯಾಕೆ ಎಂದು ಕೇಳಿದೆ. ಈ ವೈರಿನವಳ ಬಾಯಿಂದ ಮಾತು ಹೊರಡಿಸುವುದು ಒಣಗಿದ ಟ್ಯೂಬಿನಿಂದ ಪೇಸ್ಟು ಹಿಂಡಿದ ಹಾಗೆ. ಮೂರು ಸಲ ಕೇಳಿದ ಮೇಲೆ ಹೇಳಿದಳು. "ಮರ ಒಣಗ್ತಾ ಒಣಗ್ತಾ ಕುಗ್ಗುತ್ತೆ ಇವ್ರೇ. ಮೊದಲ ಕೆಲವು ವರ್ಷ ಇಡೀ ಮನೆ ಸ್ವಲ್ಪ ಸ್ವಲ್ಪ ಕೆಳಗೆ ಕೂರುತ್ತೆ. ಪೈಪು ಕುಗ್ಗಲ್ಲ."

"ಹಾಗಾದ್ರೆ?"

"ಮನೆ ಬಗ್ಗುತ್ತೆ, ಪೈಪು ನೆಟ್ಟಗೆ ನಿಲ್ಲುತ್ತೆ. ಯಾವುದೋ ಒಂದು ಮುರಿಯುತ್ತೆ."

ಆದ್ದರಿಂದ ಅಡುಗೆಮನೆ, ಬಚ್ಚಲುಮನೆ ಎರಡನ್ನೂ ಬೆನ್ನಿಗೆ ಬೆನ್ನು ಕೂರಿಸಿ, ನಡುವೆ ಟೊಳ್ಳಾದ ಹಲಗೆ ಗೋಡೆ ಎಬ್ಬಿಸಿ, ಪೈಪೆಲ್ಲ ಅದರೊಳಗೆ. ಮಹಡಿಗೆ ಏರುವ ಪೈಪಿಗೆ ನಡುವೆ ಒಂದು ಜಾರುವ ಕೀಲು. ಮನೆ ಕೂತ ಹಾಗೆ ಒಂದು ಪೈಪು ಇನ್ನೊಂದರೊಳಗೆ ಜಾರಿಕೊಳ್ಳುತ್ತದೆ. ಕೈಯಲ್ಲಿ ಹಿಡಿದು ಜಾರಿಸಿ ತೋರಿಸಿದಳು. ನಾನೂ ಜಾರಿಸಿ ನೋಡಿದೆ. ಚೆನ್ನಾಗಿದೆ. ಚೆನ್ನಾಗಿದೆ ಎಂದು ಅವಳಿಗೆ ಹೇಳಲಿಲ್ಲ.

ಫೆಬ್ರವರಿ 9

ಹೊದಿಕೆ ಮುಗಿಯಿತು. ಪೆಟ್ಟಿಗೆ ತೆರೆದೆ. ಮಗಳ ಹಳದಿ ಅಂಗಿ, ಸಣ್ಣ ಹೂವಿನದು, ತೋಳು ಮೊದಲೇ ಹರಿದಿತ್ತು. ಇಟ್ಟುಕೊಂಡು ಏನು ಮಾಡುವುದು, ಹುಳ ತಿನ್ನುತ್ತದೆ. ಕತ್ತರಿಸಿದೆ. ಒಳ್ಳೆಯ ಬಟ್ಟೆ, ಗಟ್ಟಿ ಬಿರಡೆ ಆಯಿತು.

ಮಲಗುವ ಕೋಣೆಯ ಗೋಡೆಗೆ ದಿಮ್ಮಿ ಕೂರಿಸಿದರು. ತೆಗೆದೆ ಎಂದು ಕೂಗಿದೆ. ಎಲ್ಲ ಸರಿಯಾಯಿತು. ಸುಸ್ತು.

ಫೆಬ್ರವರಿ 26

ಛಾವಣಿ ಕೂತಿತು. ಕ್ರೇನು ಹೋಯಿತು. ಈಗ ಯಾರೂ ನನ್ನ ಬಾಯಿಗೆ ಕಾಯುವುದಿಲ್ಲ. ಮನೆಯಲ್ಲಿ ಚಹಾ ಕುಡಿದುಕೊಂಡಿದ್ದೇನೆ. ಬೇಸರವೇನಿಲ್ಲ.

ಸಂಜೆ ಮಾತ್ರ ಒಂದು ಸಲ ಹೋಗಿ ನೋಡಿಕೊಂಡು ಬಂದೆ. ಬಾಗಿಲು ಕಿಟಕಿಗಳ ಚೌಕಟ್ಟಿನ ಮೇಲೆ ಬೆರಳು ತೂರುವಷ್ಟು ಸಂದು ಬಿಟ್ಟಿದ್ದಾರೆ, ಮನೆ ಕೂತಾಗ ಗಾಜಿನ ಮೇಲೆ ಭಾರ ಬೀಳದಿರಲಿ ಎಂದು. ಹೊರಗಿನಿಂದ ಪಟ್ಟಿ ಮುಚ್ಚಿದರೆ ಕಾಣುವುದೂ ಇಲ್ಲ.

ಮಾರ್ಚ್ 10, ಮಂಗಳವಾರ

ಇವತ್ತಿನ ಬೈಗುಳಕ್ಕೆ ಈ ಪುಟ ಸಾಲದು.

ಇವತ್ತು ವೈರು ಹತ್ತಿಸುವ ದಿನ. ನಡುಮನೆಯಲ್ಲಿ ಸರಸರ ಹತ್ತಿತು. ಅಡುಗೆಮನೆಯಲ್ಲಿ ಹತ್ತಿತು. ಹೊಲಿಗೆ ಮಿಷನ್ ಕಿಟಕಿಗೆ ಹತ್ತಿತು. ಮಲಗುವ ಕೋಣೆಯಲ್ಲಿ ಅರ್ಧಕ್ಕೆ ನಿಂತಿತು. ಅಳಿಯ ನೆಲದಡಿಯಿಂದ ತಳ್ಳಿದ, ಅವಳು ಮೇಲಿಂದ ಎಳೆದಳು, ಆಗಲಿಲ್ಲ.

"ಏನೋ ಅಡ್ಡ ಸಿಕ್ಕಿದೆ" ಎಂದಳು.

"ಬಿರಡೆ ಏನಾದ್ರೂ ಉಳೀತಾ ಅತ್ತೆ?" ಎಂದ ಅಳಿಯ.

"ನನ್ನ ಬಿರಡೆಯಾ? ನಾನು ತೆಗೀದೆ ಒಂದು ಸಲವಾದ್ರೂ ಕೂಗಿದೀನಾ? ನಿನ್ನ ಹೆಂಡ್ತಿ ಡ್ರಿಲ್ಲು ಸೊಟ್ಟ ಹೋಗಿರ್ಬೇಕು, ಅದನ್ನ ಕೇಳು!"

ಅವಳು ನನ್ನನ್ನೇ ನೋಡಿದಳು. "ಸೊಟ್ಟ ಹೋಗಿರ್ಬಹುದು" ಎಂದಳು.

ಅಳಿಯ ತಲೆ ಕೆರೆದುಕೊಂಡ. ಆ ದಿಮ್ಮಿಯ ಮೇಲೆ ಈಗ ಇಡೀ ಗೋಡೆ, ಅದರ ಮೇಲೆ ಛಾವಣಿ. ಬಿಚ್ಚುವ ಮಾತೇ ಇಲ್ಲ. "ಆ ಒಂದು ಕೋಣೇಲಿ ಹೊರಗಿನಿಂದ ಎಳೆದು, ಮೇಲೆ ಒಂದು ಮರದ ಪಟ್ಟಿ ಹೊಡೆದ್ಬಿಡೋಣ. ಯಾರಿಗೆ ಗೊತ್ತಾಗುತ್ತೆ?"

"ಹೊಲಿಗೆಯವರಿಗೆ ಗೊತ್ತಾಗುತ್ತೆ" ಎಂದಳು ಅವಳು. "ನಂಗೂ ಗೊತ್ತಿರುತ್ತೆ."

ಅಷ್ಟು ಹೇಳಿ ಚೀಲ ಎತ್ತಿಕೊಂಡು ಹೊರಟಳು. ಬಿಗುಮಾನ ನೋಡು! ನನಗೇ ಪೈಪೋಟಿ.

ಮಾರ್ಚ್ 11

ಬೆಳಿಗ್ಗೆ ಹೋದಾಗ ಅವಳೊಬ್ಬಳೇ ಇದ್ದಳು. ಬಾಗುವ ಉಕ್ಕಿನ ತಂತಿಯ ತುದಿಯನ್ನು ಕಾಯಿಸಿ, ಸುತ್ತಿ, ತಿರುಪಿನ ಹಾಗೆ ಮಾಡಿದ್ದಳು. ಸ್ವಿಚ್ಚಿಗೆಂದು ದಿಮ್ಮಿಯಲ್ಲಿ ಕೆತ್ತಿದ ಚೌಕದಿಂದ ಅದನ್ನು ಕೆಳಗಿಳಿಸಿ ತಿರುಗಿಸುವುದು, ಎಳೆಯುವುದು, ಮತ್ತೆ ತಿರುಗಿಸುವುದು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ನಾನು ಟಾರ್ಚು ಹಿಡಿದೆ. ಹಿಡಿ ಎಂದು ಯಾರೂ ಹೇಳಲಿಲ್ಲ, ಸುಮ್ಮನೆ ನಿಂತು ನೋಡುವುದು ನನಗೆ ಬರುವುದಿಲ್ಲ.

"ಸ್ವಲ್ಪ ಎಡಕ್ಕೆ, ಅಮ್ಮ."

ಎಡಕ್ಕೆ ಹಿಡಿದೆ.

ತುಂಬ ಹೊತ್ತಿನ ಮೇಲೆ ತಂತಿಯ ತುದಿಯಲ್ಲಿ ಒಂದು ದಾರ ಬಂತು. ಹಳದಿ ದಾರ. ಆಮೇಲೆ ಒಂದು ಚೂರು. ಆಮೇಲೆ ಗಂಟಿನ ಸಮೇತ ಇಡೀ ಬಿರಡೆ, ಜಜ್ಜಿಹೋಗಿ, ಸಣ್ಣ ಹೂವಿನ ಮೇಲೆ ಮರದ ಪುಡಿ ಮೆತ್ತಿಕೊಂಡು.

ಇಬ್ಬರೂ ನೋಡಿದೆವು. ಅಷ್ಟರಲ್ಲಿ ಅಳಿಯನ ಹೆಜ್ಜೆ ಕೇಳಿತು. ಅವಳು ಚಕ್ಕನೆ ಅದನ್ನು ಜೇಬಿಗೆ ತುರುಕಿದಳು.

"ಏನಿತ್ತು ಒಳಗೆ?"

"ಡ್ರಿಲ್ಲಿನ ಪುಡಿ ಗಟ್ಟಿಯಾಗಿ ಕಟ್ಟಿಕೊಂಡಿತ್ತು. ನಂದೇ ತಪ್ಪು."

ವೈರು ಸರಸರ ಹತ್ತಿತು.

ಇಷ್ಟೇ ಬರೆಯುತ್ತೇನೆ.

ಮಾರ್ಚ್ 12

ಹಿತ್ತಲ ಹಗ್ಗದ ಮೇಲೆ ಹಳದಿ ಚೂರು ಒಣಗುತ್ತಿದೆ. ಒಗೆದು, ಗಂಟು ಬಿಚ್ಚಿ, ಕ್ಲಿಪ್ಪು ಹಾಕಿ ಹರವಿದ್ದಾಳೆ. ಒಗೆ ಎಂದು ಇವಳಿಗೆ ಹೇಳಿದವರಾರು? ನನ್ನ ಮರ್ಯಾದೆ ಉಳಿಸು ಎಂದು ಬೇಡಿಕೊಂಡೆನೇ? ನಾನು ಇಷ್ಟು ವಯಸ್ಸಿನವರೆಗೆ ಯಾರ ಮರೆಯಲ್ಲೂ ಬದುಕಿದವಳಲ್ಲ. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ, ತಿರುಗಿ ಎರಡರಷ್ಟು ಬೈದೂ ಬಿಡುತ್ತಿದ್ದೆ. ಬೈಯದವಳ ಜೊತೆ ಹೇಗೆ ಜಗಳವಾಡುವುದು?

ಆ ಚೂರನ್ನು ತಂದು ದಿಂಬಿನಡಿ ಇಟ್ಟುಕೊಂಡೆ. ವೈರಿನ ಹುಡುಗಿ ಮಧ್ಯಾಹ್ನ ಊಟ ಮಾಡಲಿಲ್ಲ, ಬೆನ್ನು ಹಿಡಿದುಕೊಂಡಿದೆಯಂತೆ. ಬಿಸಿನೀರಿನ ಚೀಲ ಅವಳ ಮಂಚದ ಮೇಲೆ ಎಸೆದು ಬಂದೆ.

ಮಾರ್ಚ್ 29, ಭಾನುವಾರ

ಇವತ್ತು ಎಷ್ಟು ಪುಟವಾದರೂ ಆಗಲಿ.

ಹೋದ ವಾರ ಕರೆಂಟು ಇಲಾಖೆಯ ಸಾಹೇಬರು ಬಂದು ಎಲ್ಲ ಪ್ಲಗ್ಗಿಗೂ ಮೀಟರು ಚುಚ್ಚಿ ಸರಿ ಎಂದು ಹೋಗಿದ್ದರು. ಉಳಿದದ್ದು ಕೊಳ್ಳುವವರ ಒಪ್ಪಿಗೆ. ಇವತ್ತು ಬಂದರು. ಬಸ್ಸಿನವನು ದಿಮ್ಮಿಯನ್ನು ಟೈರು ತಟ್ಟಿದ ಹಾಗೆ ತಟ್ಟಿ ತಟ್ಟಿ ನೋಡಿದ. ಹೊಲಿಗೆಯವಳ ಕುತ್ತಿಗೆಯಲ್ಲಿ ಅಳತೆ ಟೇಪು ನೇತಾಡುತ್ತಲೇ ಇತ್ತು, ಅವಳ ಕಣ್ಣೂ ಹಾಗೇ, ಬಿಟ್ಟ ಹೊಲಿಗೆ ಹುಡುಕುವ ಕಣ್ಣು. ನನಗೆ ಹಿಡಿಸಿದಳು.

"ವೈರು ಕಾಣಲ್ಲ, ಸರಿ" ಎಂದಳು. "ಆದ್ರೆ ನಮ್ಮ ಅಕ್ಕ ಹೇಳ್ತಾಳೆ, ಕಾಣದೇ ಇರೋದೇ ಅಪಾಯ ಅಂತ. ನಾಳೆ ಒಳಗೆ ವೈರು ಕೆಟ್ರೆ? ಗೋಡೆ ಬಿಚ್ತೀರಾ?"

ಅಳಿಯ ಎದೆಯುಬ್ಬಿಸಿದ. "ಅಮ್ಮಾ, ಇದು ನೂರು ವರ್ಷ..."

"ನೂರು ವರ್ಷ ನೀವಿರಲ್ಲ, ನಾನೂ ಇರಲ್ಲ. ಮುಂದಿನ ವರ್ಷದ್ದು ಹೇಳಿ."

ಹೊಲಿಗೆಯವಳು ನಮ್ಮ ಹುಡುಗಿಯ ಕಡೆ ತಿರುಗಿದಳು. ಹುಡುಗಿಯ ಕಿವಿ ಕೆಂಪಾಯಿತು. ಕೈಯಲ್ಲಿ ಅಷ್ಟು ವಿದ್ಯೆ, ಬಾಯಿಯಲ್ಲಿ ಮಾತ್ರ ಬೀಗ. "ಬಿಚ್ಬೇಕಾಗಿಲ್ಲ. ತೆಗೀಬಹುದು" ಎಂದಳು.

"ಒಳಗೇ ಸಿಕ್ಕಿಕೊಂಡ್ರೆ?"

"ಸಿಕ್ಕಿಕೊಂಡ್ರೂ ತೆಗೀಬಹುದು."

"ನಿಮ್ಗೆ ಹೇಗೆ ಗೊತ್ತು? ಸಿಕ್ಕಿಕೊಂಡಿದ್ದನ್ನ ಯಾವತ್ತಾದ್ರೂ ತೆಗೆದಿದೀರಾ?"

ಹುಡುಗಿ ನನ್ನ ಕಡೆ ಒಂದು ಸಲ ನೋಡಿ ನೆಲ ನೋಡಿದಳು. ಹೊಲಿಗೆಯವಳು ಗಂಡನಿಗೆ ಕಣ್ಸನ್ನೆ ಮಾಡಿದಳು. ಅವನು ಚಪ್ಪಲಿ ಹುಡುಕಲು ಶುರುಮಾಡಿದ. ಕೈಗೆ ಬಂದ ಮನೆ ಕಣ್ಣೆದುರೇ ಬಾಗಿಲು ದಾಟಿ ಹೋಗುತ್ತಿದೆ, ಇವಳು ಮಾತ್ರ ಕಂಬದ ಹಾಗೆ ನಿಂತಿದ್ದಾಳೆ! ನನಗೆ ರೇಗಿತು.

"ತೆಗೆದಿದಾಳೆ" ಎಂದೆ. "ಆ ಮಲಗೋ ಕೋಣೆ ಗೋಡೆ ಒಳಗೆ ನಾನೇ ಒಂದು ಬಟ್ಟೆ ಬಿರಡೆ ಬಿಟ್ಟಿದ್ದೆ. ತೆಗೆದೆ ಅಂತ ಕೂಗಿದ್ದೆ, ತೆಗೆದಿರ್ಲಿಲ್ಲ. ಮೇಲೆ ಇಡೀ ಗೋಡೆ ಕೂತ್ಬಿಡ್ತು. ಒಂದು ದಿಮ್ಮಿ ಅಲುಗಿಸದೆ, ಒಂದು ಗೀರು ಬೀಳದೆ ತೆಗೆದಳು ಇವಳು. ಹೋಗಿ ನೋಡಿ, ಎಲ್ಲಿ ಅಂತ ಗುರುತು ಸಿಕ್ಕಿದ್ರೆ ಹೇಳಿ."

ಅಳಿಯ ಬಾಯಿ ತೆರೆದ. "ಅತ್ತೆ! ಡ್ರಿಲ್ಲಿನ ಪುಡಿ ಅಂದಿದ್ಳಲ್ಲ!"

"ಹೆಂಡ್ತಿ ಹೇಳಿದ್ದೆಲ್ಲ ನಂಬ್ತೀಯ. ನೀನು ಸುಮ್ನಿರಪ್ಪ."

ಹೊಲಿಗೆಯವಳು ಕೋಣೆಗೆ ಹೋದಳು, ಗೋಡೆಗೆ ಮೂಗು ತಾಗಿಸಿ ಹುಡುಕಿದಳು, ಬರಿಗೈಯಲ್ಲಿ ಬಂದಳು. "ಕೆಟ್ಟ ವೈರು ಬದಲಾಯ್ಸೋದು?" ಎಂದಳು, ದನಿ ಸ್ವಲ್ಪ ಮೆತ್ತಗಾಗಿತ್ತು.

"ಏ ಹುಡುಗಿ, ಕರೆಂಟು ತೆಗೆದು ಒಂದು ವೈರು ಎಳೆದು ತೋರ್ಸು."

ಕೈಗೆ ಕೆಲಸ ಸಿಕ್ಕಿದ್ದೇ ನಮ್ಮ ಹುಡುಗಿ ಬೇರೆಯೇ ಆದಳು. ಹಳೇ ವೈರಿನ ಬಾಲಕ್ಕೆ ಹೊಸ ವೈರಿನ ತಲೆ ಕಟ್ಟಿದಳು, ಟೇಪು ಸುತ್ತಿದಳು, ಎಳೆದಳು. ಹಳೆಯದು ಹೊರಬಂದ ಹಾಗೆ ಹೊಸದು ಗೋಡೆಯೊಳಗೆ ಹೋಗಿ ಕೂತಿತು.

"ನೋಡಮ್ಮ" ಎಂದೆ ಹೊಲಿಗೆಯವಳಿಗೆ. "ಲಂಗಕ್ಕೆ ಲಾಡಿ ಬದಲಾಯ್ಸೋವಾಗ ನೀನು ಲಂಗದ ಹೊಲಿಗೆ ಬಿಚ್ತೀಯಾ? ಹಳೇ ಲಾಡಿ ತುದಿಗೆ ಹೊಸದು ಗಂಟು ಹಾಕಿ ಎಳೀತೀಯಲ್ಲ, ಹಾಗೇ ಇದು."

ಅವಳು ಬಾಯಿಗೆ ಕೈ ಹಿಡಿದು ನಗತೊಡಗಿದಳು. "ಇದನ್ನ ಮೊದಲೇ ಹೇಳ್ಬಾರ್ದಾ?" ಎಂದಳು.

ಆಮೇಲೆ ನಾನೇ ಕೈ ಹಿಡಿದು ಇಡೀ ಮನೆ ತೋರಿಸಿದೆ. ಹಲಗೆ ಗೋಡೆಯ ಸಣ್ಣ ಬಾಗಿಲು ತೆರೆದು ಪೈಪು, ಜಾರುವ ಕೀಲು, ನೀರು ನಿಲ್ಲಿಸುವ ತಿರುಗಣೆ. ಛಾವಣಿ ದೀಪದ ವೈರೂ ಅದೇ ಹಲಗೆ ಗೋಡೆಯಲ್ಲಿ ಏರಿ ತೊಲೆಯ ಬೆನ್ನ ಮೇಲೆ ಹೋಗುವುದನ್ನು ತೋರಿಸಿದೆ. ವರಾಂಡದ ಕಂಬದ ಬುಡದಲ್ಲಿರುವ ದಪ್ಪ ತಿರುಪು: ಗೋಡೆ ಕೂತ ಹಾಗೆ ಕಂಬ ಕೂರುವುದಿಲ್ಲ, ಆದ್ದರಿಂದ ಆಗಾಗ ತಿರುಗಿಸಿ ಅದನ್ನೂ ಇಳಿಸಬೇಕು, ನಮ್ಮ ಹುಡುಗಿ ಬಂದು ಇಳಿಸುತ್ತಾಳೆ ಎಂದೆ. ಬಾಗಿಲ ಮೇಲಿನ ಸಂದು ನೋಡಿ ಬಸ್ಸಿನವನು ಗಾಬರಿಯಾದ. "ಗಾಬರಿ ಬೇಡ, ವಯಸ್ಸಾದ್ಮೇಲೆ ನಾವೂ ಕುಗ್ಗಲ್ವಾ? ಮನೆ ಮೊದಲೇ ಕುಗ್ಗಿ ಮುಗಿಸ್ಕೊಳ್ಳುತ್ತೆ, ಆಮೇಲೆ ಗಟ್ಟಿ" ಎಂದೆ.

"ಮೊಳೆ ಹೊಡೀಬಹುದಾ ಅಜ್ಜಿ?" ಎಂದ ಬಸ್ಸಿನವನು.

"ಸ್ವಿಚ್ಚು ಪ್ಲಗ್ಗುಗಳ ನೇರ ಕೆಳಗೆ ಮಾತ್ರ ಹೊಡೀಬೇಡಿ, ವೈರು ಅಲ್ಲೇ ಹತ್ತಿರೋದು. ಬೇರೆ ಕಡೆ ಹೊಡೀರಿ."

"ಅಜ್ಜಿ, ಈ ವೈರಿನವರು ನಿಮ್ಗೆ ಏನಾಗ್ಬೇಕು?" ಎಂದಳು ಹೊಲಿಗೆಯವಳು.

"ಅದು ಉದ್ದದ ಕತೆ. ಮೊದಲು ಬಚ್ಚಲ ನಲ್ಲಿ ನೋಡಿ ಬಾ, ಎಷ್ಟು ಜೋರಾಗಿ ಬರುತ್ತೆ ಅಂತ."

ಒಪ್ಪಿದರು! ಹೊರಡುವಾಗ ಹೊಲಿಗೆಯವಳು, ತನ್ನ ಅಕ್ಕನೂ ಮನೆ ಹುಡುಕುತ್ತಿದ್ದಾಳೆ, ಕರೆದುಕೊಂಡು ಬರುತ್ತೇನೆ ಎಂದಳು. ಅಕ್ಕನಿಗೂ ಉತ್ತರ ಇದೆ, ಬರಲಿ.

ದಾರಿಯಲ್ಲಿ ಹುಡುಗಿ ಪಕ್ಕದಲ್ಲಿ ನಡೆಯುತ್ತಿದ್ದಳು. "ಅಮ್ಮ, ನೀವು ಹೇಳ್ಬೇಕಾಗಿರ್ಲಿಲ್ಲ."

"ನೀನು ಹೇಳಿದ್ರೆ ನಾನ್ಯಾಕೆ ಹೇಳ್ತಿದ್ದೆ? ಅಷ್ಟು ಚೆಂದ ಕೆಲ್ಸ ಮಾಡಿ ಬಾಯಿ ಹೊಲ್ಕೊಂಡು ನಿಲ್ಲೋದಾ? ನಾಳೆಯಿಂದ ಮಾತು ಕಲಿ."

"ಯಾರತ್ರ ಕಲೀಲಿ?" ಎಂದಳು. ಮೂತಿ ನೋಡಿದರೆ ನಗು ತಡೆದುಕೊಂಡ ಹಾಗಿತ್ತು.

ಏಪ್ರಿಲ್ 6, ಸೋಮವಾರ

ಹೊಲಿಗೆಯವಳ ಅಕ್ಕನಿಗೂ ದಿಮ್ಮಿ ಮನೆಯೇ ಬೇಕಂತೆ. ನಾಳೆ ತಳದ ದಿಮ್ಮಿ ಬರುತ್ತದೆ. ಬಿರಡೆಗೆ ಬಟ್ಟೆ ಸಾಲದು ಎಂದು ಪೆಟ್ಟಿಗೆಯಲ್ಲಿದ್ದ ಮಗಳ ಬಟ್ಟೆಯನ್ನೆಲ್ಲ ತೆಗೆದು ಕತ್ತರಿಸಿ ಗಂಟು ಹಾಕಿಟ್ಟೆ. ನೀಲಿ, ಹಸಿರು, ಗೀಟಿನದು. ಈ ಸಲ ಒಂದೊಂದಕ್ಕೂ ಉದ್ದ ಬಾಲ ಬಿಟ್ಟಿದ್ದೇನೆ, ಒಳಗೆ ಉಳಿದರೆ ಎಲ್ಲರಿಗೂ ಕಾಣಲಿ. ಆ ಹಳದಿ ಚೂರೊಂದನ್ನು ಮುಟ್ಟಲಿಲ್ಲ.

ನನ್ನ ಬಟ್ಟೆ ಮತ್ತೆ ಕಪಾಟು ಸೇರಿತು, ಖಾಲಿ ಪೆಟ್ಟಿಗೆ ಸುಮ್ಮನೆ ಜಾಗ ತಿನ್ನುತ್ತಿತ್ತು. ಹುಡುಗಿಯ ಡ್ರಿಲ್ಲು, ಉಕ್ಕಿನ ತಂತಿ, ಇಕ್ಕಳ, ಪೈಪಿನ ಕೀಲು ಎಲ್ಲ ಮನೆ ತುಂಬ ಕಾಲಿಗೆ ತೊಡರುತ್ತವೆ. "ಅದರಲ್ಲಿ ತುಂಬು" ಎಂದೆ. ತುಂಬಿದಳು.

ಸಂಜೆ ತಂಗಿಯ ಫೋನು ಬಂತು. "ಮನೆ ಮಾರಾಟ ಆಯ್ತಂತಲ್ಲ ಅಕ್ಕ. ಮಂಚ ಹಾಕಿಸಿದೀನಿ. ಯಾವಾಗ ಬರ್ತೀಯ?"

"ಹೇಗೆ ಬರ್ಲೇ? ಪೆಟ್ಟಿಗೆ ಎತ್ತೋಕೇ ಆಗ್ತಿಲ್ಲ, ಅಷ್ಟು ಭಾರ" ಎಂದೆ.

"ಅಂಥದ್ದೇನು ತುಂಬಿದೀಯ ಅದ್ರಲ್ಲಿ?"

ಒಂದೊಂದಾಗಿ ಹೇಳುತ್ತಾ ಹೋದೆ. ಯಾವುದು ಯಾತಕ್ಕೆ ಎಂಬುದನ್ನೂ ಹೇಳಿದೆ. ಪಾಪ, ಅವಳಿಗೆ ಏನೂ ತಿಳಿಯಲಿಲ್ಲ. ಇಟ್ಟಿಗೆ ಮನೆಯಲ್ಲಿರುವವಳು.